ಅಮೆರಿಕದ ‘ಮೆಡಿಕೇರ್‌’: ವಯಸ್ಸೊಂದೇ ಅರ್ಹತೆಯಲ್ಲ

ಅಮೆರಿಕದಲ್ಲಿ 65 ವರ್ಷ ತುಂಬಿದವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯೇ ‘ಮೆಡಿಕೇರ್‌’. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್‌ ಜಾನ್ಸನ್‌ ಇದರ ಕಾಯ್ದೆಗೆ ಸಹಿ ಹಾಕಿದರು. ಮಕ್ಕಳೊಂದಿಗೆ ನೆಲೆಸಲು ಕರ್ನಾಟಕದಿಂದ ಅಲ್ಲಿಗೆ ತೆರಳುವ ಹಿರಿಯರು ಇದರ ನಿಯಮಗಳನ್ನು ಮೊದಲೇ ಅರಿತಿರುವುದು ಒಳಿತು.

ವಿಮೆಯ ‘ಎ’ ಭಾಗ ಆಸ್ಪತ್ರೆ ವಾಸದ ವೆಚ್ಚವನ್ನೂ, ‘ಬಿ’ ಭಾಗ ವೈದ್ಯರ ಶುಲ್ಕ ಹಾಗೂ ಹೊರರೋಗಿ ಚಿಕಿತ್ಸೆಯನ್ನೂ ನೋಡಿಕೊಳ್ಳುತ್ತವೆ. ‘ಎ’ ಭಾಗಕ್ಕೆಂದು ಉದ್ಯೋಗಿಯ ವೇತನದಿಂದ ಶೇ 1.45ರಷ್ಟು ತೆರಿಗೆ ಕಡಿತವಾಗುತ್ತದೆ. ಉದ್ಯೋಗದಾತರೂ ಅಷ್ಟೇ ಮೊತ್ತ ಪಾವತಿಸುತ್ತಾರೆ. ಸುಮಾರು ಹತ್ತು ವರ್ಷ ಹೀಗೆ ತೆರಿಗೆ ಕಟ್ಟಿದವರಿಗೆ ‘ಎ’ ಭಾಗದ ಮಾಸಿಕ ಕಂತು ಇರುವುದಿಲ್ಲ. ಪತಿ ಅಥವಾ ಪತ್ನಿಯ ದುಡಿಮೆಯ ಆಧಾರದಲ್ಲೂ ಈ ಸೌಲಭ್ಯ ದೊರೆಯಬಹುದು.

ಆದರೆ ಮಕ್ಕಳು ದುಡಿದ ವರ್ಷಗಳು ತಂದೆ–ತಾಯಿಯ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಎಂದೂ ದುಡಿಯದ ಹಿರಿಯರು ಗ್ರೀನ್‌ ಕಾರ್ಡ್‌ ಪಡೆದು, ಸತತ ಐದು ವರ್ಷ ವಾಸವಿದ್ದ ಬಳಿಕವಷ್ಟೇ ಕಂತು ಕಟ್ಟಿ ವಿಮೆ ಪಡೆಯಬಹುದು. 2026ರಲ್ಲಿ ಪೂರ್ಣ ಕಂತು ‘ಎ’ ಭಾಗಕ್ಕೆ ತಿಂಗಳಿಗೆ 565 ಡಾಲರ್‌. ಜೊತೆಗೆ ‘ಬಿ’ ಭಾಗವೂ ಕಡ್ಡಾಯ. ಅದರ ಸಾಮಾನ್ಯ ಕಂತು 202.90 ಡಾಲರ್‌. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಮೆಡಿಕೇರ್‌ ಅನ್ವಯಿಸದು.

ವಿಮೆ ಇದ್ದರೂ ಇಡೀ ಬಿಲ್ಲು ಸರ್ಕಾರದ್ದಲ್ಲ. 2026ರ ದರದಂತೆ, ಆಸ್ಪತ್ರೆಗೆ ದಾಖಲಾದಾಗ ಮೊದಲ 1,736 ಡಾಲರ್‌ ರೋಗಿಯೇ ಭರಿಸಬೇಕು. ಬಳಿಕ 60 ದಿನಗಳವರೆಗೆ ಆಸ್ಪತ್ರೆ ವಾಸಕ್ಕೆ ಬೇರೆ ಶುಲ್ಕವಿಲ್ಲ. 61ರಿಂದ 90ನೇ ದಿನದವರೆಗೆ ದಿನಕ್ಕೆ 434 ಡಾಲರ್‌ ತೆರಬೇಕು.

ಹಲವು ಕುಟುಂಬಗಳು ಎಡವುವುದು ಮತ್ತೊಂದು ನಿಯಮದಲ್ಲಿ. ಮಂಚದ ಮೇಲೆ ರಾತ್ರಿ ಕಳೆದ ಮಾತ್ರಕ್ಕೆ ರೋಗಿ ‘ಒಳರೋಗಿ’ಯಾಗುವುದಿಲ್ಲ, ‘ನಿಗಾ’ ಎಂದು ಬರೆದಿದ್ದರೆ ಆತ ಹೊರರೋಗಿಯೇ. ಆಸ್ಪತ್ರೆಯಿಂದ ಹೊರಬಂದ ನಂತರ ನರ್ಸಿಂಗ್‌ ಕೇಂದ್ರದ ಆರೈಕೆಗೆ ಮೂಲ ಮೆಡಿಕೇರ್‌ ಹಣ ನೀಡಬೇಕಾದರೆ, ಸಾಮಾನ್ಯವಾಗಿ ಸತತ ಮೂರು ದಿನ ಒಳರೋಗಿಯಾಗಿರಬೇಕು. ನಿಗಾದಲ್ಲಿ ಕಳೆದ ದಿನಗಳು ಈ ಎಣಿಕೆಗೆ ಬರುವುದಿಲ್ಲ. ಆದ್ದರಿಂದ ದಾಖಲಾತಿ ಯಾವ ಬಗೆಯದೆಂದು ಮೊದಲ ದಿನವೇ ಕೇಳಿ ತಿಳಿಯಬೇಕು.

ಸ್ನಾನ, ಊಟ, ಉಡುಪಿಗಷ್ಟೇ ಬೇಕಾದ ದೀರ್ಘಕಾಲದ ನೆರವು ಈ ವಿಮೆಯ ವ್ಯಾಪ್ತಿಯಲ್ಲಿಲ್ಲ. ಊರಿಗೆ ಬಂದಾಗ ಭಾರತದಲ್ಲಿ ಪಡೆಯುವ ಚಿಕಿತ್ಸೆಗೂ ಹಣ ಸಿಗದು. ಅದಕ್ಕೆ ಪ್ರತ್ಯೇಕ ವಿಮೆ ಮಾಡಿಸಿಕೊಳ್ಳುವುದು ಅಗತ್ಯ.