ಸಿ ಪಿನ್ನಿನ ಬಾಯಿ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿದೆ. ಅದರೊಳಗೆ ಇಪ್ಪತ್ತು ವರ್ಷಗಳ ಚಾರ್ಜರ್ ವೈರುಗಳು ಹಾವಿನ ಮರಿಗಳಂತೆ ಸುತ್ತಿಕೊಂಡು ಮಲಗಿವೆ. ಸಪೂರ ಪಿನ್ನಿನದು ಯಜಮಾನರ ಮೊದಲ ನೋಕಿಯಾ ಫೋನಿನದು. ಅಗಲ ಬಾಯಿಯದು ಯಾವುದರದ್ದೋ, ದೇವರಿಗೇ ಗೊತ್ತು. ಫೋನುಗಳು ಒಂದೊಂದಾಗಿ ಹೋದವು, ವೈರುಗಳನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ. ಪಾತ್ರೆ ತೂತಾದರೂ ಮುಚ್ಚಳ ಎತ್ತಿಡುವ ಜಾತಿ ನಮ್ಮದು!

ಕಳೆದ ವರ್ಷ ಆ ಡಬ್ಬಿಯನ್ನು ಬುಡಮೇಲು ಮಾಡಿದ್ದು ಅಮ್ಮನ ದನಿಗಾಗಿ. 2009ರಲ್ಲಿ ತಂಗಿಯ ಮದುವೆಯ ಮುಂಚೆ ತಮ್ಮ ಬೆರಳುದ್ದದ ಒಂದು ರೆಕಾರ್ಡರ್ ತಂದಿದ್ದ. ಅದರಲ್ಲಿ ಅಮ್ಮ ಹಸೆಗೆ ಕರೆಯುವ ಹಾಡು, ಆರತಿ ಹಾಡುಗಳನ್ನೆಲ್ಲ ಹೇಳಿದ್ದಳು. ನಡುವೆ, "ಹಾಲು ಉಕ್ಕಿತೇನೋ ನೋಡೇ" ಎಂದು ನನ್ನನ್ನು ಕೂಗಿದ್ದೂ ಸೇರಿಕೊಂಡಿದೆ. ಅಮ್ಮ ಹೋಗಿ ಹತ್ತು ವರ್ಷದ ಮೇಲಾಯಿತು. ನನ್ನ ಮಗಳ ಮದುವೆ ನಿಶ್ಚಯವಾದಾಗ ಆ ಹಾಡು ಬರೆದುಕೊಳ್ಳೋಣವೆಂದರೆ ರೆಕಾರ್ಡರ್ ಉಸಿರೆತ್ತಲಿಲ್ಲ. ವೈರೇನೋ ಸಿಕ್ಕಿತು, ಆದರೆ ಚುಚ್ಚುವ ಬಾಯಿಯೇ ಬೀಳುವ ಹಲ್ಲಿನಂತೆ ಅಲ್ಲಾಡುತ್ತಿತ್ತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ರಿಪೇರಿ ಅಂಗಡಿಯ ಹುಡುಗ ಭೂತಗನ್ನಡಿ ಹಿಡಿದು ನೋಡಿದ. "ಇದು ಮಿನಿ ಯುಎಸ್‌ಬಿ ಆಂಟಿ, ಬೆಸುಗೆ ಬಿಟ್ಟಿದೆ. ಹೇಗೂ ಬಿಚ್ತೀನಲ್ಲ, ಟೈಪ್ ಸಿ ಕೂರಿಸಿಬಿಡ್ತೀನಿ" ಎಂದ. ಒಳಗಿನ ಹಾಡಿಗೆ ಏನಾದರೂ ಆದೀತೇ ಎಂದು ನಾಲ್ಕು ಸಲ ಕೇಳಿ, ಒಪ್ಪಿಸಿ ಬಂದೆ.

ಕಾಯುವ ದಿನಗಳಲ್ಲಿ ಈ ಯುಎಸ್‌ಬಿಯ ಕುಲಗೋತ್ರ ಕೆದಕಿದೆ. ಮೊದಲೆಲ್ಲ ಕಂಪ್ಯೂಟರಿನ ಬೆನ್ನಿಗೆ ಕೀಲಿಮಣೆಗೊಂದು, ಪ್ರಿಂಟರಿಗೊಂದು ಎಂದು ಬೇರೆ ಬೇರೆ ಆಕಾರದ ಬಾಯಿಗಳಿದ್ದವು. ಎಲ್ಲಕ್ಕೂ ಒಂದೇ ಸಾಕೆಂದು ಪಟ್ಟು ಹಿಡಿದವರಲ್ಲಿ ಮುಖ್ಯರು ಇಂಟೆಲ್ ಕಂಪನಿಯಲ್ಲಿದ್ದ, ಬರೋಡಾದಲ್ಲಿ ಓದಿದ ಅಜಯ್ ಭಟ್. ಏಳು ಕಂಪನಿಗಳು ಕೂಡಿ ದುಡಿದು 1996ರ ಜನವರಿಯಲ್ಲಿ ಮೊದಲ ಯುಎಸ್‌ಬಿ ಹೊರಬಂತು. ಆ ಚಪ್ಪಟೆ ಪಿನ್ನು ಒಂದೇ ಮಗ್ಗುಲಲ್ಲಿ ಹೋಗುತ್ತಿತ್ತು. ಹೇಗೆ ಚುಚ್ಚಿದರೂ ಹೋಗುವಂತೆ ಮಾಡಬಹುದಿತ್ತು, ಆದರೆ ತಂತಿಗಳೂ ಖರ್ಚೂ ಇಮ್ಮಡಿಯಾಗುತ್ತಿತ್ತು ಎಂದು ಭಟ್ಟರೇ ಮುಂದೆ ಹೇಳಿಕೊಂಡರು. ಆ ಉಳಿತಾಯಕ್ಕಾಗಿ ನಾವೆಲ್ಲ ತಿರುಗಿಸಿ ತಿರುಗಿಸಿ ಚುಚ್ಚಿದ್ದೇ ಚುಚ್ಚಿದ್ದು.

ಒಂದೇ ಸಾಕೆಂದವರ ಮನೆಯಲ್ಲೇ ಮಕ್ಕಳು ಹೆಚ್ಚಾದವು. ಸಣ್ಣ ಉಪಕರಣಗಳಿಗೆಂದು 2000ದಲ್ಲಿ ಮಿನಿ, 2007ರಲ್ಲಿ ಮೈಕ್ರೋ. 2014ರ ಆಗಸ್ಟಿನಲ್ಲಿ ಟೈಪ್ ಸಿ ಬಂತು. ಎಂಟು ಮಿಲಿಮೀಟರ್ ಅಗಲದ ಪುಟ್ಟ ಬಾಯಿಯಲ್ಲಿ 24 ಸಂಪರ್ಕಗಳು, ಹೇಗೆ ಚುಚ್ಚಿದರೂ ಸರಿ. ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನನ್ನೇ ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನಿಗೆ, ಕ್ಯಾಮೆರಾಕ್ಕೆ ಸಿ ಬಾಯಿಯೇ ಇರಬೇಕು. ತನ್ನದೇ ಬಾಯಿ ಹಿಡಿದು ಕೂತಿದ್ದ ಆಪಲ್ ಕಂಪನಿಯೂ 2023ರಲ್ಲಿ ಐಫೋನ್ 15ರಿಂದ ದಾರಿಗೆ ಬಂತು. ಅದಕ್ಕೂ ಎರಡು ವರ್ಷ ಮೊದಲೇ ಕೆನ್ ಪಿಲೋನೆಲ್ ಎಂಬ ಸ್ವಿಸ್ ವಿದ್ಯಾರ್ಥಿ ಹಳೆಯ ಐಫೋನಿಗೆ ತಾನೇ ಸಿ ಕೂರಿಸಿ ಹರಾಜಿಗಿಟ್ಟ. ಕೂಗು ನಿಂತದ್ದು 86 ಸಾವಿರ ಡಾಲರಿನ ಮೇಲೆ! ನಮ್ಮ ಹುಡುಗ ಕೇಳಿದ್ದು ಇನ್ನೂರೈವತ್ತು ರೂಪಾಯಿ.

ರೆಕಾರ್ಡರಿನ ಬಾಯಿ ಅಗಲ ಸಾಲದೆ ಅರದಿಂದ ಉಜ್ಜಿ ದೊಡ್ಡದು ಮಾಡಿದ್ದ. ಒಳಗೆ ಸಿ ಬಾಯಿಯ ಪುಟಾಣಿ ಹಲಗೆಯಿಟ್ಟು, ಕರೆಂಟಿಗೆ ಎರಡು, ಮಾಹಿತಿಗೆ ಎರಡು, ಹೀಗೆ ಕೂದಲಿನಂಥ ನಾಲ್ಕು ತಂತಿ ಬೆಸೆದಿದ್ದ. ಅಂಗಡಿಯಲ್ಲಿ ಹಸಿರು ದೀಪ ಹತ್ತಿತು. ಮನೆಗೆ ಬಂದು ಮಗಳ ಹೊಸ ಚಾರ್ಜರಿಗೆ ಹಾಕಿದರೆ ಕತ್ತಲೆ! ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ಹುಡುಗ ನಾಲಿಗೆ ಕಚ್ಚಿಕೊಂಡ. ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಹಳೆಯ ಚಪ್ಪಟೆ ಬಾಯಿಯ ಚಾರ್ಜರು ಕೇಳದೆಯೇ ಬಡಿಸುತ್ತದೆ. ಎರಡೂ ತುದಿಗೆ ಸಿ ಇರುವ ವೈರಿನ ಚಾರ್ಜರು ಹಾಗಲ್ಲ, ಎದುರಿಗೆ ಎಲೆ ಹಾಕಿದೆಯೇ ಎಂದು ನೋಡಿಯೇ ಬಡಿಸುವುದು. ಆ ಎಲೆಯೆಂದರೆ 5.1 ಕಿಲೋ ಓಮಿನ ಎರಡು ರೆಸಿಸ್ಟರು, ಸಾಸಿವೆಗಿಂತ ಚಿಕ್ಕವು. ಪಿನ್ನು ಯಾವ ಮಗ್ಗುಲಲ್ಲಿ ಬಂದರೂ ಆಗಲೆಂದು ಎರಡು. ಅಗ್ಗದ ಹಲಗೆಯಲ್ಲಿ ಅವೇ ಇರಲಿಲ್ಲ. ಬೆಸೆದುಕೊಟ್ಟ, ಮತ್ತೆ ದುಡ್ಡು ಮುಟ್ಟಲಿಲ್ಲ.

ಹಾಡುಗಳನ್ನು ಅಂದೇ ಮಗಳ ಕಂಪ್ಯೂಟರಿಗೆ ಇಳಿಸಿದೆವು. ಬಾಯಿ ಹೊಸದಾದರೂ ಒಳಗಿನ ನಡಿಗೆ ಹಳೆಯದೇ, ನಿಧಾನವಾಗಿ ಬಂದವು. ಹಸೆಯ ಹಾಡನ್ನು ಮಗಳು ಎರಡು ದಿನದಲ್ಲಿ ಕಲಿತಳು. ಆರತಿ ಹಾಡಿನ ಕೊನೆಯ ನುಡಿ ಅಮ್ಮನಿಗೇ ಮರೆತಿತ್ತು. ಅಲ್ಲಿಯೇ ಹಾಲಿನ ಸುದ್ದಿ ತೆಗೆದದ್ದು.

ಆ ಮಿನಿ ವೈರು ಇನ್ನು ನಮ್ಮ ಮನೆಯಲ್ಲಿ ಯಾವುದಕ್ಕೂ ಹೊಂದದು. ಸುತ್ತಿ ಡಬ್ಬಿಗೇ ಹಾಕಿದ್ದೇನೆ.