ಮಣ್ಣಿನ ಉಂಡೆ ಹೊತ್ತವರು, ಮೊಬೈಲ್ ಹಿಡಿದವರು

ಮೊನ್ನೆ ಶಿವಪುರದ ಸತ್ಯಾಗ್ರಹ ಸೌಧದ ಹತ್ರ ನಮ್ಮ ಕೇರಿಯ ಹುಡುಗ ಸಿಕ್ಕಿದ. ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು, ಕೆಲಸ ಇಲ್ಲ. "ಅಣ್ಣಾ, ಬೆಳೆ ಫೋಟೋ ಹೊಡೆಯೋ ಕೆಲಸಕ್ಕೆ ಕರೀತಾವ್ರೆ. ತಾಕಿಗೆ ಇಷ್ಟು ಅಂತ ಕೊಡ್ತಾರಂತೆ. ಹೋಗ್ಲಾ?" ಅಂದ. ಹೋಗು ಅಂದೆ. ಆದ್ರೆ ನಮ್ಮ ತಾತನ ಕಥೆ ಕೇಳ್ಕೊಂಡು ಹೋಗು ಅಂದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

2017-18ರಿಂದ ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ನಲ್ಲಿ ನಡೀತಿದೆ. ಊರಿನ ಹುಡುಗರನ್ನೇ 'ಖಾಸಗಿ ನಿವಾಸಿ' ಅಂತ ತಗೊಂಡು, ಸರ್ವೆ ನಂಬರ್ ಪ್ರಕಾರ ಹೊಲಕ್ಕೆ ಕಳಿಸಿ ಫೋಟೋ ತೆಗೆಸ್ತಾರೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಗೂ ಈ ದಾಖಲೆ ಬೇಕು. ವಿಮೆ ಕಟ್ಟಿದ್ದು ರಾಗಿಗೆ, ಫೋಟೋದಲ್ಲಿ ಇರೋದು ಹುರುಳಿ ಅಂದ್ರೆ ಪರಿಹಾರಕ್ಕೆ ಕಲ್ಲು ಬಿತ್ತು ಅಂತಲೇ ಲೆಕ್ಕ.

ಬೆಳೆ ವಿಮೆಯ ವಿಚಾರ ಮೈಸೂರಿಗೆ ಹೊಸದಲ್ಲ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲೇ ಪುಸ್ತಕ ಬರೆದು, ಮಳೆ ಲೆಕ್ಕದ ಮೇಲೆ ರೈತರಿಗೆ ವಿಮೆ ಕೊಡಬಹುದು ಅಂದಿದ್ರು. ಮಳೆ ಅಳೆಯೋಕೆ ಹೊಲ ಹೊಲ ತಿರುಗೋ ಸಾಕ್ಷಿ ಬೇಡ. ಈಗಿನ ಪದ್ಧತಿಗೆ ಬೇಕು.

ಆ ಸಾಕ್ಷಿ ಕೆಲಸ ಮಾತ್ರ ನಮ್ಮೋರಿಗೆ ಬಹಳ ಹಳೇದು. ಮೈಸೂರು ಸೀಮೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮ್ಯಾಕೆಂಜಿ 1873ರಲ್ಲಿ ಬರೆದಿದ್ದಾರೆ: ಗಡಿ ಜಗಳ ಬಂದ್ರೆ ಹೊಲೆಯರ ಕುಳವಾಡಿಯ ಮಾತೇ ಕೊನೇದು. ಊರಿನ ಮಣ್ಣಿನ ಉಂಡೆಯನ್ನ ತಲೆ ಮೇಲೆ ಹೊತ್ತು ಅವನು ಗಡಿ ನಡೀಬೇಕು. ಗೊತ್ತಿಲ್ದೆ ಗಡಿ ದಾಟಿದ್ರೂ ಉಂಡೆ ಒಡೆಯುತ್ತೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅನ್ನೋ ನಂಬಿಕೆ.

ನೋಡಿ, ಭೂಮಿ ಯಾರದ್ದೋ. ಜಗಳ ಯಾರದ್ದೋ. ಪ್ರಾಣ ಮಾತ್ರ ನಮ್ದು.

ನಮ್ಮ ತಾತ ತೋಟಿ. ಶಾನುಭೋಗರ ಮುಂದೆ ನಡೆದು, ಇದು ಇಂಥೋರ ಬದು, ಇಲ್ಲಿ ಇಂಥ ಪೈರು ಅಂತ ತೋರಿಸೋರು. ಅವರು ತೋರಿಸಿದ್ದು ಪುಸ್ತಕಕ್ಕೆ ಹತ್ತಿತು, ಅವರ ಹೆಸರು ಹತ್ತಲಿಲ್ಲ. ಕೂಲಿ ಅಂದ್ರೆ ಸುಗ್ಗೀಲಿ ಕಣದಲ್ಲಿ ಹಾಕಿದಷ್ಟು ರಾಗಿ. 1938ರ ಏಪ್ರಿಲ್‌ನಲ್ಲಿ ಇದೇ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೀತು. ಅದಾದ ಮೇಲೂ 25 ವರ್ಷ ತೋಟಿಕೆ ಉಳೀತು. ಗ್ರಾಮ ಹುದ್ದೆಗಳನ್ನ ರದ್ದು ಮಾಡಿದ 1961ರ ಕಾಯ್ದೆ ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ಕ್ಕೆ. ಮಹಾರಾಷ್ಟ್ರದ ಮಹಾರರ ಇಂಥದ್ದೇ ವತನ್ ಚಾಕರಿ ವಿರುದ್ಧ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ 1928ರಲ್ಲೇ ಮಸೂದೆ ತಂದಿದ್ರು. ಕೊಡೋದು ಅಷ್ಟಿಷ್ಟು, ದುಡಿಸೋದು ಹಗಲು ರಾತ್ರಿ ಅನ್ನೋದೇ ಅಲ್ಲಿನ ತಕರಾರೂ.

ಹಾಗಂತ ಫೋಟೋ ಕೆಲಸ ಬೇಡ ಅಂತ ನಾನು ಹೇಳಲ್ಲ. ಇದು ಹುಟ್ಟಿನಿಂದ ಬಂದ ಚಾಕರಿ ಅಲ್ಲ, ಯಾರು ಬೇಕಾದ್ರೂ ಮಾಡಬಹುದು, ಬ್ಯಾಂಕ್ ಖಾತೆಗೆ ದುಡ್ಡು ಬರುತ್ತೆ. ಇದು ದೊಡ್ಡ ವ್ಯತ್ಯಾಸ. ಆದ್ರೆ ಬಾಯಿಮಾತಿನ ಮೇಲೆ ದುಡಿದ್ರೆ ಅದು ಮತ್ತೆ ತೋಟಿಕೇನೇ.

ನಾನು ಕಚೇರಿ ಗುಮಾಸ್ತ, ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನೋದು ಗೊತ್ತು. ಅದಕ್ಕೆ ಅವನಿಗೆ ನಾಲ್ಕು ಮಾತು ಹೇಳಿದೆ. ತಾಕಿಗೆ ಎಷ್ಟು, ಯಾವಾಗ ಕೊಡ್ತಾರೆ ಅಂತ ಬರವಣಿಗೆಯಲ್ಲಿ ಕೇಳು. ದಿನಾ ಮಾಡಿದ ಸರ್ವೆ ನಂಬರ್‌ಗಳನ್ನ ನಿನ್ನ ನೋಟ್‌ಬುಕ್ಕಲ್ಲೂ ಬರ್ಕೋ. ಯಾರ ಒತ್ತಾಯಕ್ಕೂ ಇಲ್ಲದ ಬೆಳೆ ಹಾಕಬೇಡ, ನಾಳೆ ಉಂಡೆ ಒಡೆಯೋದು ನಿನ್ನ ತಲೆ ಮೇಲೇ. ವಾರಕ್ಕೆ ಮಾಡ್ತಿರೋ ನಮ್ಮೋರು ಸಿಕ್ಕಿದ್ರೆ, ಗೇಣಿದಾರರೂ ಫಸಲ್ ಬಿಮಾ ಕಟ್ಟಬಹುದು, ಕಾಗದ ಮಾಡಿಸ್ಕೊಳ್ಳಿ ಅಂತ ಹೇಳು.

ಹುಡುಗ ಎಲ್ಲಾ ಕೇಳಿ, "ಅಣ್ಣಾ, ತಾತನ ಫೋಟೋ ಐತಾ?" ಅಂದ.

ಇಲ್ಲ. ಊರಿನ ಬದು ಎಲ್ಲಾ ತೋರಿಸಿದ ಮನುಷ್ಯನ ಒಂದು ಫೋಟೋನೂ ನಮ್ಮನೇಲಿ ಇಲ್ಲ.

ಜೈ ಭೀಮ್.