ಶಾಲಾ ಮಂಡಳಿ ಸದಸ್ಯರ ವಾಕ್ ಸ್ವಾತಂತ್ರ್ಯ (ಅಮೆರಿಕ)

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಆಡಳಿತ ಬಹುಮಟ್ಟಿಗೆ ಸ್ಥಳೀಯ ಮತದಾರರು ಆರಿಸಿದ ಮಂಡಳಿಗಳ ಕೈಯಲ್ಲಿದೆ. ಪ್ರತಿ ಪಟ್ಟಣವೂ ಪ್ರತ್ಯೇಕ ಶಾಲಾ ಸಮಿತಿಯನ್ನು ಆರಿಸಬೇಕೆಂದು ಮ್ಯಾಸಚೂಸೆಟ್ಸ್ 1826ರಲ್ಲೇ ಕಾನೂನು ಮಾಡಿತ್ತು. ಈ ಸದಸ್ಯರ ಮಾತಿಗೆ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆ ಎಷ್ಟು ಎಂಬ ತಕರಾರು ಕೋರ್ಟಿನ ಕಟ್ಟೆ ಹತ್ತಿದ್ದು ಬಹಳ ತಡವಾಗಿ.

ದಾರಿ ಹಾಕಿಕೊಟ್ಟದ್ದು ಶಾಸಕರೊಬ್ಬರ ಪ್ರಕರಣ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಹೇಳಿಕೆಯೊಂದನ್ನು ಬೆಂಬಲಿಸಿದರೆಂದು ಜೂಲಿಯನ್ ಬಾಂಡ್ ಅವರಿಗೆ ಜಾರ್ಜಿಯಾ ಶಾಸನಸಭೆ ಪ್ರಮಾಣವಚನವನ್ನೇ ನಿರಾಕರಿಸಿತ್ತು. 1966ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಮ್ಮತದಿಂದ ತಳ್ಳಿಹಾಕಿ, ನೀತಿಯ ವಿಷಯದಲ್ಲಿ ಮಾತನಾಡಲು ಜನಪ್ರತಿನಿಧಿಗೆ ವಿಶಾಲ ಅವಕಾಶ ಬೇಕೆಂದಿತು. ಸರ್ಕಾರಿ ನೌಕರರ ಪಾಡು ಬೇರೆ: ಕರ್ತವ್ಯದ ಭಾಗವಾಗಿ ಆಡಿದ ಮಾತಿಗೆ ರಕ್ಷಣೆಯಿಲ್ಲವೆಂದು ಅದೇ ಕೋರ್ಟಿನ 2006ರ ಗಾರ್ಸೆಟಿ ತೀರ್ಪು ಹೇಳಿತು. ಮಂಡಳಿಯ ಸದಸ್ಯರನ್ನು ಈ ಎರಡನೆಯ ಸಾಲಿಗೆ ಸೇರಿಸುವುದು ಕಷ್ಟ. ಅವರನ್ನು ನೇಮಿಸಿದ ಮೇಲಧಿಕಾರಿ ಯಾರೂ ಇಲ್ಲ, ಇರುವುದು ಮತದಾರರಷ್ಟೇ.

ಹಾಗೆಂದು ಸಹಸದಸ್ಯರ ಬಾಯಿಗೂ ಬೀಗವಿಲ್ಲ. ವಾಷಿಂಗ್ಟನ್ ರಾಜ್ಯದ ಬೆಥೆಲ್ ಶಾಲಾ ಜಿಲ್ಲೆಯ ಮಂಡಳಿ, ಶಾಲಾ ಅಧೀಕ್ಷಕರನ್ನು ಬಿಡದೆ ಟೀಕಿಸುತ್ತಿದ್ದ ಸದಸ್ಯರೊಬ್ಬರನ್ನು ಉಪಾಧ್ಯಕ್ಷ ಸ್ಥಾನದಿಂದ ಇಳಿಸಿತು. ಸ್ಥಾನ ಹೋದರೂ ಸದಸ್ಯತ್ವ, ಮತ, ಮಾತು ಮೂರೂ ಉಳಿದಿದ್ದವು. ಹಾಗಾಗಿ 2010ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದರಲ್ಲಿ ಹಕ್ಕಿನ ಉಲ್ಲಂಘನೆ ಕಾಣಲಿಲ್ಲ.

ಹ್ಯೂಸ್ಟನ್‌ನ ಜಗಳ ಇನ್ನೂ ರಂಪವಾಯಿತು. ಅಲ್ಲಿನ ಕಮ್ಯುನಿಟಿ ಕಾಲೇಜಿನ ಚುನಾಯಿತ ಟ್ರಸ್ಟಿ ಡೇವಿಡ್ ವಿಲ್ಸನ್ ತಮ್ಮದೇ ಮಂಡಳಿಯ ಮೇಲೆ ದಾವೆ ಹೂಡಿದರು, ಮತದಾರರಿಗೆ ಧ್ವನಿಮುದ್ರಿತ ಕರೆ ಮಾಡಿಸಿದರು, ಖಾಸಗಿ ಪತ್ತೇದಾರರನ್ನೂ ಗೊತ್ತುಮಾಡಿದರು. 2018ರಲ್ಲಿ ಮಂಡಳಿ ಖಂಡನಾ ನಿರ್ಣಯ ಅಂಗೀಕರಿಸಿತು. 2022ರಲ್ಲಿ ಸುಪ್ರೀಂ ಕೋರ್ಟಿನ ಒಮ್ಮತದ ತೀರ್ಪು ಬರೆದ ನ್ಯಾಯಮೂರ್ತಿ ಗೋರ್ಸಚ್, ಸದಸ್ಯರನ್ನು ಖಂಡಿಸುವ ಪದ್ಧತಿ ವಸಾಹತು ಕಾಲದಿಂದಲೂ ಇದೆ, ಬರೀ ಮಾತಿನ ಖಂಡನೆಯಿಂದ ಹಕ್ಕಿಗೆ ಚ್ಯುತಿ ಬರದು ಎಂದರು. ಉಚ್ಚಾಟನೆಯಂಥ ಶಿಕ್ಷೆಗಳ ಮಾತೇ ಬೇರೆ. ಅದನ್ನು ಕೋರ್ಟ್ ಮುಟ್ಟಲಿಲ್ಲ.

ಇತ್ತೀಚಿನ ವ್ಯಾಜ್ಯದಲ್ಲಿ ದೂರುದಾರರೇ ಪೋಷಕರು. ಕ್ಯಾಲಿಫೋರ್ನಿಯಾದ ಪೊವೇ ಶಾಲಾ ಜಿಲ್ಲೆಯ ಇಬ್ಬರು ಟ್ರಸ್ಟಿಗಳು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳಲ್ಲಿ ಅವರನ್ನು ಬ್ಲಾಕ್ ಮಾಡಿದ್ದರು. ಖಾತೆ ಯಾರದು, ಸದಸ್ಯರದೋ ಸರ್ಕಾರದ್ದೋ? ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ನಿಜಕ್ಕೂ ಇದ್ದು, ಆ ಪೋಸ್ಟಿನಲ್ಲಿ ಅದನ್ನೇ ಚಲಾಯಿಸುವಂತೆ ತೋರಿದ್ದರೆ ಮಾತ್ರ ಸರ್ಕಾರದ ಕ್ರಿಯೆ ಎಂಬ ಒರೆಗಲ್ಲನ್ನು ಸುಪ್ರೀಂ ಕೋರ್ಟ್ 2024ರ ಲಿಂಡ್ಕೆ ಪ್ರಕರಣದಲ್ಲಿ ಕೊಟ್ಟಿತು. ಪೊವೇ ಪ್ರಕರಣದಲ್ಲಿ ಪೋಷಕರ ಪರವಾಗಿದ್ದ ಕೆಳಗಿನ ತೀರ್ಪನ್ನು ಅದೇ ದಿನ ರದ್ದುಪಡಿಸಿ, ಈ ಒರೆಗಲ್ಲಿಗೆ ಹಚ್ಚಿ ನೋಡುವಂತೆ ಹಿಂದಕ್ಕೆ ಕಳಿಸಿತು.